ಕ್ಷೇತ್ರಕಾರ್ಯದಲ್ಲಿ ಕಂಡಂತೆ

“ಮೇಡಂ, ನೀವು ಫೇಮಸ್ ಆಗಿಬಿಟ್ರಿ ನೋಡ್ರಿ!”

ಇಫ್ತಿಕಾರ್ ಜೆರಾಕ್ಸ್ ಯಂತ್ರದಿಂದ ಆಗಷ್ಟೇ ಹೊರಬಂದ ಹಾಳೆಯೊಂದನ್ನು ಗಾಜಿನ ಕಟ್ಟೆಯ ಮೇಲೆ ಪದ್ಮಶ್ರೀಯ ಮುಂದಿಟ್ಟು, ಒಂದು ಸಾಲಿನ ಮೇಲೆ ಬೆರಳೊತ್ತಿ ಹಿಡಿದ. ಹಾಳೆ ಇನ್ನೂ ಬೆಚ್ಚಗಿತ್ತು. ಚಳ್ಳಕೆರೆ ಬಸ್ ನಿಲ್ದಾಣದ ಎದುರಿನ ಅವನ ಅಂಗಡಿಯಲ್ಲಿ ಮದುವೆ ಪತ್ರಿಕೆ, ಎಣ್ಣೆ ಡಬ್ಬದ ಚೀಟಿ, ವಿದ್ಯಾರ್ಥಿಗಳ ಪ್ರಬಂಧ ಎಲ್ಲವೂ ಅಚ್ಚಾಗುತ್ತಿದ್ದವು. ನಾಲ್ಕು ವರ್ಷದ ಹಿಂದೆ ಅವಳ ಪುಸ್ತಕದ ಅಕ್ಷರ ಜೋಡಿಸಿದವನೂ ಅವನೇ. ಈ ಸೀಮೆಯ ಬೆಟ್ಟ, ಹುಲ್ಲುಗಾವಲು, ದೇವರಿಗೆಂದು ಬಿಟ್ಟ ದೇವರ ದನ, ಅವುಗಳ ಸುತ್ತ ಬೆಳೆದ ಕಥೆ ಹಾಡುಗಳ ಬಗ್ಗೆ ನೂರೆಂಬತ್ತು ಪುಟದ ಪುಸ್ತಕ. ಪದ್ಮಶ್ರೀ ಊರಿನ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದಳು. ಅವಳು ಬರೆದದ್ದು ಅದೊಂದೇ ಪುಸ್ತಕ.

“ನಿಮ್ಮ ಶಿಷ್ಯ ಚೌಡೇಶ್ ಇಲ್ವಾ, ಈಗ ಸೋಲಾರ್ ಕಂಪನಿಯಾಗೆ ಅವ್ನೆ. ಬೆಳಿಗ್ಗೆ ಕೊಟ್ಟು ಹೋದ. ಇಪ್ಪತ್ತು ಕಾಪಿ, ಸ್ಪೈರಲ್ ಬೈಂಡಿಂಗು. ತಿರುವಿ ಹಾಕ್ತಾ ಇದ್ದೆ, ಕಣ್ಣಿಗೆ ಬಿತ್ತು. ಅರೆ, ಇದು ನಾನು ಟೈಪ್ ಮಾಡಿದ್ದಲ್ವಾ! ನಿಮ್ಮ ಕೈಬರಹ ಓದಿಯೇ ನಂಗೆ ಕನ್ನಡಕ ಬಂದಿದ್ದು. ಗುರುತು ಸಿಗದೇ ಇರ್ತೈತಾ?”

ಪದ್ಮಶ್ರೀ ಓದಿದಳು. ‘ಪ್ರಸ್ತಾಪಿತ ಕರೇದೊಣೆ ಬೋರೆಯ ನೀರಿನ ಮೂಲವು ಬತ್ತಿಹೋಗಿದ್ದು, ದೇವರ ದನಗಳಿಗೆ ಈ ಪ್ರದೇಶವು ಬಳಕೆಯಲ್ಲಿಲ್ಲ ಎಂಬುದನ್ನು ಖ್ಯಾತ ಇತಿಹಾಸಕಾರರಾದ ಡಾ. ಪದ್ಮಶ್ರೀ ಅವರು ಕ್ಷೇತ್ರಕಾರ್ಯದಲ್ಲಿ ಕಂಡು ದಾಖಲಿಸಿರುತ್ತಾರೆ. ಪುಟ ೧೧೨.’

ಅವಳು ಖ್ಯಾತಳಲ್ಲ, ಡಾಕ್ಟರೂ ಅಲ್ಲ. ಸಂಜೆ ಕಾಲೇಜಿನಲ್ಲಿ ಬಿ.ಎ., ಅಂಚೆಯಲ್ಲಿ ಎಂ.ಎ. ಮಾಡಿದವಳು. ಹಗಲು ಕಾಲೇಜಿನಲ್ಲಿ ಓದಿದವರು ತಪ್ಪು ಬರೆದರೆ ಅದು ತಪ್ಪು, ತಾನು ಬರೆದರೆ ಅದು ತನ್ನ ಓದಿನ ಕೊರತೆ ಎಂದು ಅವಳಿಗೆ ಯಾವಾಗಲೂ ಅನ್ನಿಸುತ್ತಿತ್ತು. ಅದಕ್ಕೇ ಒಂದೊಂದು ಅಡಿಟಿಪ್ಪಣಿಯನ್ನೂ ಮೂರು ಸಲ ನೋಡುತ್ತಿದ್ದಳು. ಈಗ ಮೊದಲು ಕಣ್ಣಿಗೆ ಬಿದ್ದದ್ದು ಆ ‘ಡಾ.’ ಆಮೇಲೆ ‘ಕಂಡು’ ಎಂಬ ಮಾತು. 

“ಇದು ಯಾವತ್ತಿಗೆ?” ಎಂದಳು.

“ಗುರುವಾರ. ಮೊಳಕಾಲ್ಮೂರಿನಾಗೆ ಹಿಯರಿಂಗ್. ಬಿಳಿಕಲ್ಲಹಟ್ಟಿಯೋರು ಅರ್ಜಿ ಹಾಕ್ಯಾರಲ್ಲ, ಸೋಲಾರಿಗೆ ಬೋರೆ ಗುಡ್ಡ ಬಿಡೋದಿಲ್ಲ ಅಂತ. ಇದು ಅದಕ್ಕೆ ಜವಾಬು. ಯಾಕ್ ಮೇಡಂ, ಖುಷಿ ಆಗ್ಲಿಲ್ವಾ?”

ಹಟ್ಟಿಯವರ ಅರ್ಜಿಯ ಪ್ರತಿಯೂ ಆ ವರದಿಯ ಹಿಂದೆ ಲಗತ್ತಾಗಿತ್ತು. ಪದ್ಮಶ್ರೀ ನಿಂತಲ್ಲೇ ಅದನ್ನು ಎರಡು ಸಲ ಓದಿದಳು. ತಲೆತಲಾಂತರದಿಂದ ನಮ್ಮ ದೇವರ ದನದ ಜಾಗ, ದಯಮಾಡಿ ಬಿಟ್ಟುಕೊಡಬೇಕು ಎಂದಷ್ಟೇ ಇತ್ತು. ನೀರಿನ ಮಾತೇ ಇರಲಿಲ್ಲ. ಅಲ್ಲಿ ನೀರಿದೆ ಎಂದು ಬರೆದಿದ್ದರೆ ತನ್ನ ಸಾಲಿಗೆ ಎದುರಾಗಿ ಒಂದು ಸಾಲಾದರೂ ನಿಲ್ಲುತ್ತಿತ್ತು. ಯಾಕೆ ಬರೆದಿಲ್ಲ? ನಿಜಕ್ಕೂ ಬತ್ತಿದೆಯೇ? ಹಾಗಾದರೆ ಒಳ್ಳೆಯದು ಎಂದು ಒಂದು ಕ್ಷಣ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಯಿತು.

ಮನೆಗೆ ಬಂದು ಬೀರುವಿನ ಕೆಳಖಾನೆಯಿಂದ ಹಸಿರು ರಟ್ಟಿನ ನೋಟ್‌ಬುಕ್ ಹುಡುಕಿ ತೆಗೆದಳು. ಕ್ಷೇತ್ರಕಾರ್ಯದ ದಿನಗಳಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡದ್ದು, ಅಲ್ಲಲ್ಲಿ ಮಾಸಿತ್ತು. ಮಾರ್ಚ್ ಇಪ್ಪತ್ತೇಳು. ‘ಬಿಳಿಕಲ್ಲಹಟ್ಟಿ. ಕಿಲಾರಿ ಬೊಮ್ಮಣ್ಣ, ದೇವರ ದನ ಕಾಯುವವರು. ಬೋರೆ ಮೇಲಿನ ಕಲ್ಲುಗುಂಡಿ ಕರೇದೊಣೆಯ ಬಗ್ಗೆ ಕೇಳಿದೆ. ದೊಣೆ ಬತ್ತೈತೆ, ದನ ಅತ್ಲಾಗೆ ಹೋಗಲ್ಲ ಅಂದರು.’ ಅದರ ಮುಂದೆ ಕಂಸದಲ್ಲಿ ಒಂದೇ ಮಾತು, ಕೆಳಗೆ ಎರಡು ಗೆರೆ: ‘ನೋಡಬೇಕು.’

ಆ ದಿನ ಎಲ್ಲವೂ ನೆನಪಾಯಿತು. ದನದ ರೊಪ್ಪದೊಳಗೆ ಹೆಂಗಸರು ಕಾಲಿಡುವಂತಿಲ್ಲ. ಅವಳು ಮುಳ್ಳುಬೇಲಿಯ ಹೊರಗೆ ನಿಂತು ಕೇಳಿದ್ದಳು, ಬೊಮ್ಮಣ್ಣ ಒಳಗಿಂದ ಸಗಣಿ ಬಳಿಯುತ್ತಲೇ ಉತ್ತರ ಕೊಟ್ಟಿದ್ದ. ಬೋರೆ ಹತ್ತಿ ಇಳಿಯಲು ಒಂದೂವರೆ ತಾಸು ಬೇಕಿತ್ತು. ನಾಲ್ಕೂವರೆಯ ಬಸ್ಸು ತಪ್ಪಿದರೆ ಮತ್ತೆ ಬಸ್ಸಿರಲಿಲ್ಲ. ಅನುದಾನದ ವರದಿ ಮಾರ್ಚ್ ಮೂವತ್ತೊಂದಕ್ಕೆ ಸಲ್ಲಿಸಬೇಕಿತ್ತು. ಇನ್ನೊಮ್ಮೆ ಬಂದು ನೋಡೋಣ ಎಂದುಕೊಂಡು ಬಸ್ಸು ಹತ್ತಿದ್ದಳು. ವರದಿ ಟೈಪಾಗುವಾಗ ‘ಬೊಮ್ಮಣ್ಣ ಹೇಳಿದಂತೆ’ ಎಂದಿದ್ದುದನ್ನು ತಾನೇ ಹೊಡೆದುಹಾಕಿ ‘ಕ್ಷೇತ್ರಕಾರ್ಯದಲ್ಲಿ ಕಂಡಂತೆ’ ಎಂದು ತಿದ್ದಿದ್ದಳು. ಅದು ಹೆಚ್ಚು ಶಾಸ್ತ್ರೀಯವಾಗಿ ಕೇಳಿಸಿತ್ತು.

ಮಾರನೆಯ ದಿನ ಪ್ರಾಂಶುಪಾಲ ಹನುಮಂತರಾಯರ ಬಳಿ ಎರಡು ದಿನದ ರಜೆ ಕೇಳಿದಾಗ ಅವರು ಕಾರಣ ಕೇಳಿದರು. ಹೇಳಿದಳು. ಅವರು ಪೆನ್ನಿನ ಮುಚ್ಚಳ ಹಾಕಿದರು.

“ನೋಡೀಮ್ಮ, ಆ ಪುಸ್ತಕ ನಮ್ಮ ಹುಡುಗ್ರಿಗೆ ಪಾಠಕ್ಕಿದೆ. ಅನುದಾನ ತಗೊಂಡು ಬರೆದಿದ್ದು. ನೀವೇ ಹೋಗಿ ಸುಳ್ಳು ಬರೆದಿದೀನಿ ಅಂದ್ರೆ ನಾಳೆ ನನಗೂ ಒಂದು ನೋಟಿಸ್ ಬರುತ್ತೆ. ನಿಮಗೆ ಬರೋದಂತೂ ಗ್ಯಾರಂಟಿ.”

“ಸುಳ್ಳಲ್ಲ ಸಾರ್. ನೋಡಿರಲಿಲ್ಲ.”

“ಎರಡಕ್ಕೂ ಏನು ವ್ಯತ್ಯಾಸ ಅಂತ ನೋಟಿಸ್‌ನಲ್ಲಿ ಕೇಳಲ್ಲ,” ಎಂದರು ಅವರು. ಆದರೂ ರಜೆಯ ಅರ್ಜಿಗೆ ಸಹಿ ಹಾಕಿ, ಕಾರಣದ ಜಾಗದಲ್ಲಿ ತಾವೇ ‘ಮನೆಯ ಕೆಲಸ’ ಎಂದು ಬರೆದರು.

ಹಾನಗಲ್ ಕ್ರಾಸಿನಲ್ಲಿ ಬಸ್ಸು ಬದಲಿಸಿ ಮೊಳಕಾಲ್ಮೂರಿನ ಅಪ್ಪನ ಮನೆ ತಲುಪಿದಾಗ ಇನ್ನೂ ಬಿಸಿಲಿತ್ತು. ಓಣಿಯುದ್ದಕ್ಕೂ ಮಗ್ಗಗಳ ಸದ್ದು. ಅಪ್ಪ ಜಯದೇವಪ್ಪ ಮಗ್ಗದ ಗುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ಲಾಳಿ ಎಳೆಯುತ್ತಿದ್ದ. ಮಗಳನ್ನು ನೋಡಿ “ಏಮ್ಮಾ, ಕಾಲೇಜಿಲ್ವಾ?” ಎಂದನೇ ಹೊರತು ಕೈ ನಿಲ್ಲಿಸಲಿಲ್ಲ. ಅವಳು ಪಕ್ಕದ ಚಾಪೆಯ ಮೇಲೆ ಕೂತು ಎಲ್ಲ ಹೇಳಿದಳು. ಅಪ್ಪನಿಗೆ ಅರ್ಧ ಕೇಳಿಸಿತೋ ಇಲ್ಲವೋ.

ಅಷ್ಟರಲ್ಲಿ ಗೋಡೆಯ ಗೂಡಿನಲ್ಲಿದ್ದ ಫೋನು ಹೊಡೆದುಕೊಂಡಿತು. ಸೀರೆ ವ್ಯಾಪಾರಿ. ಅಪ್ಪ ಸ್ಪೀಕರ್ ಹಾಕಿದ.

“ಏನಯ್ಯಾ ಜಯದೇವಪ್ಪ, ಸೀರೆ ಆಯ್ತಾ?”

“ಇಂಕಾ ಒಕ ಮೂರ ಉಂದಿ ಸಾಮಿ.” ಇನ್ನೂ ಒಂದು ಮೊಳ ಇದೆ.

“ನಿಂದು ಯಾವತ್ತು ಕೇಳಿದ್ರೂ ಒಂದು ಮೊಳಾನೇ! ಶನಿವಾರ ಕಳಿಸ್ತೀಯಲ್ಲ?”

“ಶನಿವಾರ ಕಳಿಸ್ತೀನಿ.”

ಅವನು ಕೇಳಿದ ಆ ಸೀರೆ ಮಗ್ಗದಿಂದ ಕತ್ತರಿಸಿ, ಮಡಚಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಪದ್ಮಶ್ರೀಯ ಮೊಣಕಾಲಿನ ಪಕ್ಕದಲ್ಲೇ ಇತ್ತು. ಮಗ್ಗಕ್ಕೆ ಹೂಡಿದ ಅದೇ ಹಾಸುನೂಲಿನ ಮೇಲೆ ಮುಂದಿನ ಸೀರೆ ಶುರುವಾಗಿತ್ತು. ಹಾಸು ಮಗ್ಗದ ಮೇಲಿರುವ ತನಕ ಯಾರು ಕೇಳಿದರೂ ಆಯಿತು ಎನ್ನಬಾರದು, ಒಂದು ಮೊಳ ಇದೆ ಎನ್ನಬೇಕು. ಹುಟ್ಟಿದಾಗಿನಿಂದ ಈ ಮಾತು ಕೇಳಿಕೊಂಡು ಬೆಳೆದವಳು ಅವಳು. ವ್ಯಾಪಾರಿಗೂ ಗೊತ್ತು, ಓಣಿಗೂ ಗೊತ್ತು. ಮನೆಯ ಮಾತೆಂದು ಅದನ್ನು ಯಾವ ನೋಟ್‌ಬುಕ್ಕಿನಲ್ಲೂ ಬರೆದುಕೊಂಡಿರಲಿಲ್ಲ.

‘ದೊಣೆ ಬತ್ತೈತೆ’ ಎಂದ ಬೊಮ್ಮಣ್ಣನ ಮಾತು ಅವಳಿಗೆ ನೆನಪಾಯಿತು.

“ನಾನ್ನಾ, ಯಾಕೆ ಹಂಗಂತೀಯ? ಆಗಿದ್ರೂ ಆಗಿಲ್ಲ ಅಂತ?”

“ಯಾಕಂದ್ರೆ? ಆಯ್ತು ಅಂದ್ರೆ ಆಗೇ ಹೋಯ್ತು. ಮಗ್ಗಕ್ಕೆ ಕಿವಿ ಇಲ್ವಾ?” ಅಪ್ಪ ಲಾಳಿ ಎಳೆದ. “ಇಷ್ಟು ಓದಿದೀಯ, ಇದನ್ನ ಕೇಳ್ತೀಯ.”

ಬುಧವಾರ ಬೆಳಿಗ್ಗೆ ಮದುವೆ ಪತ್ರಿಕೆಯ ಕಟ್ಟು ಕೊಡಲು ಮೊಳಕಾಲ್ಮೂರಿಗೆ ಬಂದಿದ್ದ ಇಫ್ತಿಕಾರ್ ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊರಟ. ಸಿದ್ದಾಪುರ ದಾಟಿದ ಮೇಲೆ ಡಾಂಬರು ಮುಗಿದು ಗರಸಿನ ದಾರಿ. ಎರಡೂ ಕಡೆ ದುಂಡು ಬಂಡೆಗಳು ಒಂದರ ಮೇಲೊಂದು ಕೂತಿದ್ದವು. ಹುಲ್ಲು ಒಣಗಿ ಕೂದಲಿನಂತಾಗಿತ್ತು.

“ತಪ್ಪು ಇದ್ರೆ ಒಂದು ತಿದ್ದೋಲೆ ಹಾಕಿ ಅಂಟಿಸೋಣ ಮೇಡಂ,” ಎಂದ ಅವನು ಗಾಳಿಯಲ್ಲಿ ಕೂಗಿ. “ಎಷ್ಟು ಕಾಪಿ ಹೋಗಿರ್ಬೋದು? ಮುನ್ನೂರು? ಮನೆಮನೆಗೆ ಹೋಗಿ ನಾನೇ ಅಂಟಿಸಿ ಬರ್ತೀನಿ, ಅಲ್ಲಾ ಕಸಂ. ಅರ್ಧ ಜನ ಪುಸ್ತಕ ತೆಗೆದೇ ಇರಲ್ಲ, ಅದು ಬೇರೆ ಮಾತು.”

ಅವಳಿಗೆ ನಗು ಬರಲಿಲ್ಲ. 

ಬೊಮ್ಮಣ್ಣ ರೊಪ್ಪದ ಬೇಲಿಯ ಪಕ್ಕ ಬೇವಿನ ನೆರಳಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ರೊಪ್ಪದಲ್ಲಿ ಹಸುಗಳಿರಲಿಲ್ಲ. ಮೂಲೆಯ ಚಪ್ಪರದ ಕೆಳಗೆ ಎಳೆಗರುಗಳಷ್ಟೇ ಮಲಗಿದ್ದವು. ಬೊಮ್ಮಣ್ಣನಿಗೆ ಎಪ್ಪತ್ತರ ಮೇಲಾಗಿತ್ತು. ಪದ್ಮಶ್ರೀಯನ್ನು ಗುರುತು ಹಿಡಿದು ನಕ್ಕ.

“ಬಾರವ್ವ, ಪುಸ್ತಕದವ್ವ. ನಿನ್ ಪುಸ್ತಕ ಬಂದು ನಮ್ಮನ್ನೇ ಗೂಟಕ್ಕೆ ಕಟ್ಟಾಕೈತಂತೆ.”

“ತಪ್ಪಾಯ್ತು ಬೊಮ್ಮಣ್ಣಾರೆ.”

“ನಿಂದೇನು ತೆಪ್ಪು? ನಾ ಏನೇಳಿದ್ನೋ ಅದ್ನೇ ಬರ್ದೀಯ.”

“ದೊಣೆಯಾಗೆ ನೀರೈತಾ, ಹೇಳ್ರಿ.”

ಅವನ ಕೈಯಲ್ಲಿ ಹಗ್ಗ ನಿಂತಿತು. ಬೇಲಿಯಾಚೆ ಎಲ್ಲೋ ನೋಡಿದ. “ಬತ್ತೈತವ್ವ.”

“ಹಸುಗಳೆಲ್ಲ ಎಲ್ಲಿ?”

“ಏನೋ, ಅತ್ಲಾಗೆ ಇತ್ಲಾಗೆ ಹೋಗ್ಯವೆ. ದೇವ್ರ ದನ, ನಾ ಕೇಳಕ್ಕಾಯ್ತದಾ?”

“ನಾಳೆ ಸಾಹೇಬ್ರು ಇದೇ ಕೇಳ್ತಾರೆ. ಆವಾಗ ಏನಂತೀರಿ?”

“ಇನ್ನೇನಂಬೋದು. ಅದ್ನೇ.”

“ಹಂಗಂದ್ರೆ ಬೋರೆ ಹೋಗ್ತೈತೆ!” ಎಂದು ಇಫ್ತಿಕಾರ್ ಬೈಕಿನ ಬಳಿಯಿಂದಲೇ ಕೂಗಿದ. “ಒಂದು ಮಾತು ಐತೆ ಅಂದ್ಬಿಡ್ರಿ ಅಜ್ಜಾರೆ, ನಿಮ್ಮ ಗಂಟೇನು ಹೋಗ್ತೈತೆ?”

ಬೊಮ್ಮಣ್ಣ ಅವನ ಕಡೆ ನೋಡಲಿಲ್ಲ. ಪದ್ಮಶ್ರೀಗೆ ಹೇಳಿದ, ಮಗುವಿಗೆ ಹೇಳುವಂತೆ. “ಮೊದಲ್ನೇ ಮಳೆ ಬೀಳಾಗಂಟ ಬಾಯ್ ಬಿಟ್ಟು ಹೇಳಂಗಿಲ್ಲ ಕಣವ್ವ. ನಮ್ಮಪ್ಪ ಹೇಳ್ಳಿಲ್ಲ, ಅವ್ರಪ್ಪ ಹೇಳ್ಳಿಲ್ಲ. ಬೋರೆ ಉಳೀಲಿ ಅಂತ ನಾ ಹೇಳ್ದೆ ಅನ್ಕೋ, ಗಂಗೆ ಹೊಂಟೋದ್ಲು ಅಂದ್ರೆ ಆ ಬೋರೆ ತಗಂಡು ಏನು ಮಾಡ್ಲಿ?”

ಅವಳು ಬೇಲಿಯ ಹೊರಗೆ ನಿಂತಿದ್ದಳು, ನಾಲ್ಕು ವರ್ಷದ ಹಿಂದೆ ನಿಂತಿದ್ದ ಜಾಗದಲ್ಲೇ.

ಗುಡಿಸಲಿನೊಳಗಿಂದ ಬೊಮ್ಮಣ್ಣನ ಹೆಂಡತಿ ಓಬಳಮ್ಮ ಖಾಲಿ ಕೊಡ ಹಿಡಿದು ಹೊರಬಂದಳು. ಯಾರನ್ನೂ ಕರೆಯಲಿಲ್ಲ. ಪದ್ಮಶ್ರೀಯ ಪಕ್ಕದಲ್ಲಿ ಹಾದುಹೋಗುವಾಗ, “ದೇವ್ರ ಜಾಗ, ಚಪ್ಪಲಿ ಬಿಟ್ಟು ನಡೀಬೇಕಾಯ್ತದೆ. ಬಂಡೆ ಸುಡ್ತದೆ,” ಎಂದಷ್ಟೇ ಹೇಳಿ ಮುಂದೆ ನಡೆದಳು.

ಹತ್ತುವ ದಾರಿ ದಾರಿಯಂತಿರಲಿಲ್ಲ. ಬಂಡೆಗಳ ಸಂದಿನಲ್ಲಿ ಓಬಳಮ್ಮ ನುಗ್ಗಿದೆಡೆಯೆಲ್ಲ ಇವಳೂ ನುಗ್ಗಿದಳು. ಐವತ್ತರ ಹತ್ತಿರದ ಮೊಣಕಾಲು ನೋಯುತ್ತಿತ್ತು. ಹಿಂದೆ ಇಫ್ತಿಕಾರ್ ಏದುಸಿರು ಬಿಡುತ್ತ “ಯಾ ಅಲ್ಲಾ” ಎನ್ನುತ್ತಿದ್ದ. ಒಂದು ದೊಡ್ಡ ಬಂಡೆಯ ಬೆನ್ನು ಸುತ್ತಿದಾಗ ಇದ್ದಕ್ಕಿದ್ದಂತೆ ನೆರಳು, ಜೊತೆಗೆ ದನದ ವಾಸನೆ. ಬೋರೆಯ ಹಿಂಬದಿಯ ಇಳಿಜಾರಿನಲ್ಲಿ ಬಿಳಿ, ಬೂದು ಹಸುಗಳು ಕಾರೆ ಮರದಡಿ ಮಲಗಿ ಮೆಲುಕು ಹಾಕುತ್ತಿದ್ದವು. ಎಷ್ಟಿವೆ ಎಂದು ಎಣಿಸಲು ಹೋಗಿ ಅವಳು ತನ್ನನ್ನು ತಾನೇ ತಡೆದುಕೊಂಡಳು.

ದೊಣೆ ಎರಡು ಬಂಡೆಗಳ ನಡುವೆ ಇತ್ತು, ಒಂದು ಕೋಣೆಯಷ್ಟು ಅಗಲ. ನೀರು ಕಪ್ಪಾಗಿತ್ತು, ಮೇಲೆ ಒಂದು ಎಲೆಯೂ ಇರಲಿಲ್ಲ. ಅಂಚಿನ ಕಲ್ಲು ತಲೆಮಾರುಗಳ ಗೊರಸಿಗೆ ಸವೆದು ತಟ್ಟೆಯಂತಾಗಿತ್ತು. ಪದ್ಮಶ್ರೀ ಕೂತು ಕೈ ಇಳಿಸಿದಳು. ಮೊಣಕೈವರೆಗೆ ಇಳಿಯಿತು, ತಳ ಸಿಗಲಿಲ್ಲ. ಏಪ್ರಿಲ್ ಕೊನೆಯಲ್ಲೂ ನೀರು ಕೊರೆಯುತ್ತಿತ್ತು. ಅವಳಿಗೆ ಅಳು ಬಂತು. ಸಂತೋಷಕ್ಕೋ ಹೆದರಿಕೆಗೋ ತಿಳಿಯಲಿಲ್ಲ.

ಬ್ಯಾಗಿನಿಂದ ಫೋನು ತೆಗೆದು ಎತ್ತಿದ್ದಳು, ಅಷ್ಟೇ. ಓಬಳಮ್ಮನ ಒರಟು ಅಂಗೈ ಬಂದು ಅದರ ಮೇಲೆ ಕೂತಿತು.

“ಬ್ಯಾಡ ಮಗಳೇ. ಅದೂ ಹೇಳ್ದಂಗೇ.”

“ಒಂದೇ ಒಂದು ಅಮ್ಮಾ. ನಾಳೆ ತೋರ್ಸೋಕೆ. ನಿಮ್ಮ ದನಕ್ಕೋಸ್ಕರ.”

“ನೋಡು ಅಂತ ಕರ್ಕಂಡ್ ಬಂದೆ. ಹೇಳು ಅಂತ ಕರ್ಕಂಡ್ ಬರ್ಲಿಲ್ಲ.” ಓಬಳಮ್ಮ ಕೊಡ ಮುಳುಗಿಸಿದಳು. ನೀರು ಗುಳುಗುಳು ಎಂದಿತು. “ಕರ ಹುಟ್ಟಿ ಮೂರು ದಿನ. ಅದುಕ್ಕೆ ಹತ್ತಕಾಗಲ್ಲ ಪಾಪ.”

ಪದ್ಮಶ್ರೀ ಫೋನನ್ನು ಬ್ಯಾಗಿಗೆ ಹಾಕಿದಳು. ಇಳಿಯುವಾಗ ದಾರಿಯುದ್ದಕ್ಕೂ ಇಫ್ತಿಕಾರ್ ಗೊಣಗಿದ. “ಒಂದು ಫೋಟೋ ಸಾಕಿತ್ತು ಮೇಡಂ. ನಾನಾದ್ರೂ ಹಿಂದಿನಿಂದ ಹೊಡ್ಕೋಬೋದಿತ್ತು. ಈಗ ಬರೀ ಬಾಯಿಮಾತು. ನಿಮ್ಮ ಪುಸ್ತಕಕ್ಕೆ ನಿಮ್ಮ ಬಾಯಿ ಎದುರು. ಯಾರು ನಂಬ್ತಾರೆ?”

ಅದನ್ನೇ ಅವಳೂ ಯೋಚಿಸುತ್ತಿದ್ದಳು.

ಗುರುವಾರ ಹನ್ನೊಂದಕ್ಕೆ ಸಭಾಂಗಣ ತುಂಬಿತ್ತು. ಎರಡು ಫ್ಯಾನಿನಲ್ಲಿ ಒಂದು ತಿರುಗುತ್ತಿತ್ತು. ಹಟ್ಟಿಯ ಹತ್ತು ಹನ್ನೆರಡು ಗಂಡಸರು ಗೋಡೆಗೆ ಒರಗಿ ನಿಂತಿದ್ದರು. ಬೊಮ್ಮಣ್ಣನನ್ನು ಮಾತ್ರ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದ್ದರು. ಅವನು ಅಂಚಿನಲ್ಲಿ ಕೂತು ಟವೆಲನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಚೌಡೇಶ್ ಇಸ್ತ್ರಿ ಮಾಡಿದ ಅಂಗಿಯಲ್ಲಿ ಎದ್ದು ಬಂದು ಪದ್ಮಶ್ರೀಗೆ ನಮಸ್ಕರಿಸಿದ.

“ನೀವು ಬರ್ತೀರಿ ಅಂತ ಗೊತ್ತಿರ್ಲಿಲ್ಲ ಮೇಡಂ. ನಿಮ್ಮ ಪುಸ್ತಕಾನೇ ನಮಗೆ ಆಧಾರ.”

ಅವನ ಧ್ವನಿಯಲ್ಲಿ ವ್ಯಂಗ್ಯವಿರಲಿಲ್ಲ. ಅದೇ ಅವಳಿಗೆ ಕಷ್ಟವಾಯಿತು.

ಅಧಿಕಾರಿ ನಡುವಯಸ್ಸಿನವರು, ಬೇರೆ ಜಿಲ್ಲೆಯಿಂದ ಬಂದವರು. ಚೌಡೇಶ್ ವರದಿ ಓದಿದ. ಅಧಿಕಾರಿ ಬೊಮ್ಮಣ್ಣನ ಕಡೆ ತಿರುಗಿದರು.

“ಹೇಳಿ ಯಜಮಾನರೇ. ಆ ದೊಣೆಯಲ್ಲಿ ನೀರಿದೆಯಾ?”

 ಗೋಡೆಗೆ ಒರಗಿದ್ದವರು ನೆಲ ನೋಡುತ್ತಿದ್ದರು. ಬೊಮ್ಮಣ್ಣ ಟವೆಲನ್ನು ಒಂದು ಸುತ್ತು ತಿರುಚಿದ.

“ಬತ್ತೈತೆ ಸ್ವಾಮಿ.”

“ಬತ್ತಿದೆಯಾ? ಮತ್ತೆ ಯಾಕ್ರೀ ಅರ್ಜಿ?”

“ನಮ್ ದೇವ್ರ ದನದ ಜಾಗ ಸ್ವಾಮಿ.”

ಅಧಿಕಾರಿ ಏನೋ ಬರೆದುಕೊಳ್ಳತೊಡಗಿದರು. ಪದ್ಮಶ್ರೀ ಎದ್ದು ನಿಂತದ್ದು ಅವಳಿಗೇ ಆಮೇಲೆ ತಿಳಿಯಿತು.  ಬರೆದುಕೊಂಡು ಬಂದಿದ್ದ ಚೀಟಿ ಬೆವರಿಗೆ ಒದ್ದೆಯಾಗಿತ್ತು.

“ಸಾರ್, ಆ ಸಾಲು ಬರೆದಿದ್ದು ನಾನು. ಅದನ್ನ ಆಧಾರ ಅಂತ ತಗೋಬೇಡಿ. ಕ್ಷೇತ್ರಕಾರ್ಯದಲ್ಲಿ ಕಂಡಂತೆ ಅಂತ ಬರೆದಿದೀನಿ. ನಾನು ಕಂಡಿರಲಿಲ್ಲ. ಅವತ್ತು ಬೋರೆ ಹತ್ತಲೇ ಇಲ್ಲ. ಬಸ್ಸಿಗೆ ಹೊತ್ತಾಗಿತ್ತು.”

ಯಾರೋ ಹಿಂದೆ ನಕ್ಕರು. ಅವಳು ಮುಂದುವರಿಸಿದಳು. “ಇವರು ಬತ್ತಿದೆ ಅಂತ ಹೇಳೋದು ಇವರ ಕಟ್ಟಳೆ. ಮಳೆ ಬೀಳೋ ತನಕ ಅಷ್ಟೇ ಹೇಳಬೇಕು. ಅದನ್ನ ತಿಳ್ಕೊಳ್ಳದೇ ಬರೆದೆ. ಮತ್ತೆ ನನ್ನ ಹೆಸರಿನ ಮುಂದೆ ಡಾಕ್ಟರ್ ಅಂತ ಹಾಕಿದಾರೆ, ಅದೂ ಇಲ್ಲ ಸಾರ್.”

ಚೌಡೇಶ್ ಮೆಲ್ಲಗೆ ಎದ್ದ. ಅವನ ಮುಖ ಕೆಂಪಾಗಿತ್ತು. “ನೀವೇ ನಮಗೆ ಹೇಳಿಕೊಟ್ಟಿದ್ದು ಮೇಡಂ, ನೋಡದೇ ಬರೀಬ್ಯಾಡ್ರಿ ಅಂತ. ಹಂಗಾದ್ರೆ ಪುಸ್ತಕದಾಗೆ ಇಂಥವು ಇನ್ನೆಷ್ಟವೆ?”

ಅವಳು ಪುಸ್ತಕದ ಪುಟಗಳನ್ನು ಮನಸ್ಸಿನಲ್ಲೇ ಒಮ್ಮೆ ತಿರುವಿದಳು. 

“ಇದೊಂದೇ ಅಂದ್ಕೊಂಡಿದೀನಿ ಚೌಡೇಶ್. ಎಲ್ಲಾ ಮತ್ತೆ ನೋಡಬೇಕು.”

ಅಧಿಕಾರಿ ಪೆನ್ನು ಕೆಳಗಿಟ್ಟರು. “ಅದೆಲ್ಲ ಸರಿ. ಈಗ ನೀರಿದೆಯೋ ಇಲ್ಲವೋ? ನೀವು ನೋಡಿದೀರಾ?”

“ನಿನ್ನೆ ನೋಡಿದೆ.”

“ಇದೆಯಾ?”

ಬೊಮ್ಮಣ್ಣ ತಲೆಯೆತ್ತಿ ಅವಳನ್ನು ನೋಡಿದ. ಬೇಡಿಕೊಳ್ಳುವ ನೋಟವಲ್ಲ, ಹೆದರಿಸುವ ನೋಟವೂ ಅಲ್ಲ. ಕಾಯುವ ನೋಟ. ಬಾಗಿಲ ಬಳಿ ಇಫ್ತಿಕಾರ್ ಬಾಯಿ ತೆರೆದು, ಐತೆ ಅನ್ರಿ ಮೇಡಂ, ಎಂದು ಸದ್ದಿಲ್ಲದೆ ತುಟಿ ಆಡಿಸುತ್ತಿದ್ದ. ಒಂದು ಮಾತು, ಎರಡು ಅಕ್ಷರ. ಅವಳ ಮೊಣಕೈಗೆ ಇನ್ನೂ ಆ ತಂಪು ಅಂಟಿಕೊಂಡಂತಿತ್ತು.

“ನಾನು ಹೇಳಲಾರೆ ಸಾರ್,” ಎಂದಳು. “ನೀವೇ ಬಂದು ನೋಡಬೇಕು.”

“ಇದೇನಮ್ಮ! ನೋಡಿದೀನಿ ಅಂತೀರಿ, ಹೇಳಲ್ಲ ಅಂತೀರಿ?”

“ಒಂದು ಸಲ ನೋಡದೇ ಹೇಳಿದೆ ಸಾರ್. ಅದಕ್ಕೇ ಇಷ್ಟೆಲ್ಲಾ ಆಗಿದ್ದು. ಇನ್ನು ಯಾರ ಮಾತಿನ ಮೇಲೂ ತೀರ್ಮಾನ ಬೇಡ. ನನ್ನ ಮಾತಿನ ಮೇಲೂ ಬೇಡ. ಬಂದು ನೋಡಿ.”

ಅಧಿಕಾರಿ ಬಹಳ ಹೊತ್ತು ಅವಳನ್ನೇ ನೋಡಿದರು. ಹುಚ್ಚಿಯೋ ಅಲ್ಲವೋ ಎಂದು ಅಳೆಯುವಂತೆ. ಕೊನೆಗೆ ಡೈರಿ ತಿರುವಿ, “ಮುಂದಿನ ಶುಕ್ರವಾರ, ಬೆಳಿಗ್ಗೆ ಎಂಟಕ್ಕೆ ಸ್ಥಳ ತನಿಖೆ. ಆವತ್ತು ನೀರಿಲ್ಲ ಅಂದ್ರೆ ಅರ್ಜಿ ವಜಾ. ಮತ್ತೆ ಯಾರೂ ಬರಬೇಡಿ,” ಎಂದರು.

 ಹೊರಗೆ ಬೊಮ್ಮಣ್ಣ ಹಾದುಹೋಗುವಾಗ ಟವೆಲಿನಿಂದ ಅವಳ ತಲೆಯ ಸುತ್ತ ಒಮ್ಮೆ ನಿವಾಳಿಸಿ ನೆಲಕ್ಕೆ ಒದರಿ ಮುಂದೆ ನಡೆದ.

ಆ ಎಂಟು ದಿನ ಪದ್ಮಶ್ರೀಗೆ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸ. ಕೋಣೆಯಲ್ಲಿ ಸಾಲು ಸಾಲಾಗಿ ಕೂತ ವಿದ್ಯಾರ್ಥಿಗಳ ನಡುವೆ ನಡೆಯುತ್ತ ಕಿಟಕಿಯ ಬಿಸಿಲು ನೋಡುತ್ತಿದ್ದಳು. ಸೋಮವಾರ ಬಿಸಿಗಾಳಿ ಬೀಸಿತು. ಮಂಗಳವಾರ ಪತ್ರಿಕೆಯಲ್ಲಿ, ಈ ವರ್ಷದ ಅತಿ ಹೆಚ್ಚು ಉಷ್ಣಾಂಶ ಎಂದು ಬಂತು. ಅಷ್ಟು ದನ, ದಿನಕ್ಕೆ ಎಷ್ಟು ಕುಡಿಯುತ್ತವೆ? ಕೋಣೆಯಷ್ಟು ಅಗಲ, ಆಳ ತಿಳಿಯದು. ತಳ ಮುಟ್ಟಿ ನೋಡಬೇಕಿತ್ತು. ಅದನ್ನೂ ನೋಡದೇ ಬಂದಿದ್ದಳು. ಹೇಳಲಿಲ್ಲ ನಿಜ, ಆದರೆ ಬಂದು ನೋಡಿ ಎಂದದ್ದು ಹೇಳಿದಂತೆಯೇ ಅಲ್ಲವೇ? ಗಂಗೆಗೆ ಅಷ್ಟು ಅರ್ಥವಾಗುವುದಿಲ್ಲವೇ? ಇಂಥ ಯೋಚನೆ ಬಂದದ್ದಕ್ಕೆ ಇತಿಹಾಸ ಓದಿದವಳು ತಾನು ಎಂದು ಗದರಿಕೊಂಡಳು. ಯೋಚನೆ ಹೋಗಲಿಲ್ಲ.

ಬುಧವಾರ ತಡೆಯಲಾರದೆ ಬೊಮ್ಮಣ್ಣನ ಮನೆಯ ಫೋನಿಗೆ ಮಾಡಿದಳು. ಓಬಳಮ್ಮ ಎತ್ತಿದಳು.

“ದೊಣೆ ಹೆಂಗೈತಮ್ಮಾ?”

“ಬತ್ತೈತೆ ಮಗಳೇ.”

ಫೋನು ಇಟ್ಟ ಮೇಲೆ, ಈ ಉತ್ತರದಿಂದ ಏನೂ ತಿಳಿಯುವಂತಿಲ್ಲ ಎಂದು ಹೊಳೆಯಿತು. ನಿಜಕ್ಕೂ ಬತ್ತಿದ್ದರೂ ಅವಳು ಇದನ್ನೇ ಹೇಳುತ್ತಿದ್ದಳು. ಅದೇ ದಿನ ಕಾಲೇಜಿನಲ್ಲಿ ನೋಟಿಸು ಬಂದಿತ್ತು. ಪುಸ್ತಕದ ಬಗ್ಗೆ ಹದಿನೈದು ದಿನದೊಳಗೆ ಲಿಖಿತ ವಿವರಣೆ ಕೊಡಬೇಕು. ಹನುಮಂತರಾಯರು ಅದನ್ನು ಮಡಚಿ ಅವಳ ಕೈಗೆ ಕೊಟ್ಟು, “ಊಟ ಮಾಡಿದ್ರಾ?” ಎಂದಷ್ಟೇ ಕೇಳಿದ್ದರು.

ಶುಕ್ರವಾರ ಏಳಕ್ಕೇ ಇಫ್ತಿಕಾರ್ ಅವಳನ್ನು ಬೋರೆಯ ಬುಡಕ್ಕೆ ತಂದು ಇಳಿಸಿದ. ಹತ್ತಿ ನೋಡಿ ಬರೋಣ ಎಂದ ಅವನು. ಅವಳು ಬೇಡವೆಂದಳು.  ಇಬ್ಬರೂ ಬಂಡೆಯ ನೆರಳಲ್ಲಿ ನಿಂತರು. ಎಂಟು ಗಂಟೆಗೆ ಸರಿಯಾಗಿ ಗರಸಿನ ದಾರಿಯ ಆ ತುದಿಯಲ್ಲಿ ಧೂಳೆದ್ದಿತು. ಜೀಪು. ಅಧಿಕಾರಿ ಇಳಿದು ಟೋಪಿ ಹಾಕಿಕೊಂಡರು. ಹಿಂದೆ ಚೌಡೇಶ್ ಕ್ಯಾಮೆರಾ ಹಿಡಿದು ಇಳಿದ. ಅದನ್ನು ಕಂಡು ಪದ್ಮಶ್ರೀಗೆ ಇನ್ನೊಂದು ದಿಗಿಲು.

“ಅದು ಜೀಪಿನಾಗೇ ಇರ್ಲಿ ಚೌಡೇಶ್. ಸಾಹೇಬ್ರೇ ನೋಡ್ತಾರಲ್ಲ.”

ಚೌಡೇಶ್ ಅಧಿಕಾರಿಯ ಮುಖ ನೋಡಿದ. ಅವರು ಅಲ್ಲೇ ಇರಲಿ ಬಿಡು ಎನ್ನುವಂತೆ ಕೈಯಾಡಿಸಿದರು. ಅವನು ಕ್ಯಾಮೆರಾವನ್ನು ಸೀಟಿನ ಮೇಲಿಟ್ಟ. ಅಧಿಕಾರಿ ಬೋರೆಯನ್ನು ಕೆಳಗಿಂದ ಮೇಲಿನವರೆಗೆ ನೋಡಿದರು. ಬರೀ ಬಂಡೆ. ದಾರಿಯ ಗುರುತೇ ಇಲ್ಲ.

“ಎಲ್ಲಿಂದ ಹತ್ತಬೇಕು ಮೇಡಂ?”

ಪದ್ಮಶ್ರೀ ಸುತ್ತ ನೋಡಿದಳು. ಓಬಳಮ್ಮನ ಹಿಂದೆ ನಡೆದದ್ದು ಬಿಟ್ಟರೆ ಅವಳಿಗೂ ದಾರಿ ತಿಳಿದಿರಲಿಲ್ಲ. ಅಷ್ಟರಲ್ಲಿ ಮೇಲಿನ ಬಂಡೆಯ ಸಂದಿನಿಂದ ಓಬಳಮ್ಮ ಹೊರಬಂದಳು. ತಲೆಯ ಮೇಲೆ ಕೊಡ. ಒಂದು ಕೈ ಕೊಡದ ಮೇಲೆ, ಇನ್ನೊಂದರಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದಿದ್ದಳು. ಬಂಡೆಯಿಂದ ಬಂಡೆಗೆ ನಿಧಾನವಾಗಿ ಇಳಿದು ಜೀಪಿನ ಪಕ್ಕದಲ್ಲೇ ಹಾದುಹೋದಳು.

“ಏನಜ್ಜಿ, ಮೇಲೆ ನೀರಿದೆಯಾ?” ಎಂದರು ಅಧಿಕಾರಿ.

“ಎಲ್ಲೈತೆ ಸ್ವಾಮಿ. ಬತ್ತೋಗೈತೆ.”

ಅವಳು ನಿಲ್ಲಲಿಲ್ಲ. ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸೀರೆ ಸೊಂಟದವರೆಗೆ ಒದ್ದೆಯಾಗಿ ಕಾಲಿಗೆ ಅಂಟಿಕೊಂಡಿತ್ತು. ರೊಪ್ಪದ ಕಡೆಯಿಂದ ಕರುವೊಂದು ಕೂಗಿತು.

 ಓಬಳಮ್ಮ ಇಳಿದು ಬಂದ ದಾರಿಯಲ್ಲಿ ಬಂಡೆಯ ಮೇಲೆ ಹನಿಗಳು ಒಂದರ ಹಿಂದೊಂದು ಕಪ್ಪಗೆ ಬಿದ್ದಿದ್ದವು, ಮೇಲಿನವು ಆಗಲೇ ಬಿಸಿಲಿಗೆ ಆರುತ್ತಿದ್ದವು. ಪದ್ಮಶ್ರೀ ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟು, ಮೊದಲ ಹನಿಯ ಪಕ್ಕ ಕಾಲಿಟ್ಟಳು.